ಆ ಮಣ್ಣನ್ನೆಲ್ಲ ಎಲ್ಲಿ ಹಾಕಿದರು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಯಾರ ಬಾಯಲ್ಲಿ ಕೇಳಿದರೂ ವಿಯೆಟ್ನಾಂ. ಕೆಳಗಿನ ಮನೆಯವರು ಹೋಗಿ ಬಂದರು, ಯೋಗ ಕ್ಲಾಸಿನವರು ಹೋಗಿ ಬಂದರು, ಕೊನೆಗೆ ನಾವೂ ಟಿಕೆಟ್ ಮಾಡಿಸಿದೆವು. ನಾನು, ನನ್ನ ಗಂಡ, ಜೊತೆಗೆ ಮಾವ. ಎಪ್ಪತ್ತು ದಾಟಿದ ಮಾವ ಬೆಂಗಳೂರಿನಿಂದ ಊರಿಗೆ ಹೋಗು ಅಂದರೆ ಎದ್ದು ನಿಲ್ಲುತ್ತಾರೆ, ಬೇರೆಲ್ಲಿಗೆ ಕರೆದರೂ ಬೆನ್ನು ನೋವು ಅನ್ನುತ್ತಾರೆ. ಅವರನ್ನು ಹೊರಡಿಸಿದ್ದು ಒಂದೇ ಮಾತು. "ಅಲ್ಲಿ ಕೂಚಿ ಅಂತ ಒಂದು ಕಡೆ ನೆಲದೊಳಗೆ ಸುರಂಗ ಇದೆ ಮಾವ, ಎಲ್ಲ ಸೇರಿ 250 ಕಿಲೋಮೀಟರ್ ಅಂತೆ" ಅಂದೆ.

"ನೀರಿನದ್ದಾ?"

"ಅಲ್ಲ, ಯುದ್ಧದ್ದು. ಅಮೆರಿಕದ ಜೊತೆ ಯುದ್ಧ ನಡೆಯುವಾಗ ಅಲ್ಲಿನ ಗೆರಿಲ್ಲಾ ಹೋರಾಟಗಾರರು ಅದರೊಳಗೆ ಅಡಗುತ್ತಿದ್ದರಂತೆ."

"ಅಷ್ಟು ಮಣ್ಣನ್ನು ಎಲ್ಲಿ ಹಾಕಿದ್ರಂತೆ ಹಾಗಾದ್ರೆ?"

ಈ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ. ನಾನು ಹನುಮಂತನಗರದಲ್ಲಿ ಹುಟ್ಟಿ ಬೆಳೆದವಳು, ಸುರಂಗ ಅಂತ ಕಂಡಿದ್ದು ಮೆಟ್ರೋದ್ದು ಮಾತ್ರ. ಮಾವ ವಿಟ್ಲದ ಕಡೆಯವರು. ಅಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಒಳಗೆ ಒಸರುವ ನೀರನ್ನು ತೋಟಕ್ಕೆ ಹರಿಸುತ್ತಾರೆ. ಪಂಪು ಬೇಡ, ಕರೆಂಟು ಬೇಡ. 2022ರಲ್ಲಿ ಪದ್ಮಶ್ರೀ ಬಂದ ಅಮೈ ಮಹಾಲಿಂಗ ನಾಯ್ಕರು ಆ ಕಡೆಯವರೇ. ಒಬ್ಬರೇ ಗುಡ್ಡ ಕೊರೆದು, ಸುರಂಗದ ಮೇಲೆ ಸುರಂಗ ಬರಿದಾದರೂ ಬಿಡದೆ, ಬೋಳು ಗುಡ್ಡಕ್ಕೆ ನೀರು ತಂದವರು. ಮಾವನ ಮನೆ ಹಿಂದೆಯೂ ಒಂದು ಸುರಂಗ ಇದೆ. ಅದನ್ನು ಕೊರೆಯುವಾಗ ಮಾವ ಹುಡುಗ. ಒಳಗೆ ಒಬ್ಬರು ಪಿಕ್ಕಾಸಿನಲ್ಲಿ ಅಗೆಯುವುದು, ಇವರು ಬುಟ್ಟಿಯಲ್ಲಿ ಮಣ್ಣು ಹೊರಗೆ ಹೊರುವುದು. ಹಾಗಾಗಿ ಸುರಂಗ ಅಂದ ಕೂಡಲೇ ಅವರ ಲೆಕ್ಕ ಬುಟ್ಟಿಯಲ್ಲಿ ಶುರುವಾಗುತ್ತದೆ.

ನಾವು ತೆಗೆದುಕೊಂಡಿದ್ದು ಅರ್ಧ ದಿನದ ಟೂರ್. ಬೆಳಿಗ್ಗೆ ಹೋಟೆಲಿನಿಂದ ಮಿನಿ ಬಸ್ಸು ಹತ್ತಿಸಿಕೊಂಡು ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ಬಿಡುವುದು. ಹೋ ಚಿ ಮಿನ್ ಸಿಟಿಯಿಂದ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರ್. ದಾರಿಯುದ್ದಕ್ಕೂ ಸ್ಕೂಟರ್. ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ನಡುವೆ ಒಂದು ಕರಕುಶಲ ವಸ್ತುಗಳ ಅಂಗಡಿಯಲ್ಲಿ ನಿಲ್ಲಿಸಿದರು. ಎಲ್ಲ ಟೂರುಗಳಲ್ಲೂ ಇದು ಇದ್ದದ್ದೇ, ಅಲ್ವಾ. ಬಸ್ಸಿನಲ್ಲಿ ರಾಜಾಜಿನಗರದ ಒಂದು ದಂಪತಿಯೂ ಸಿಕ್ಕರು. ಕನ್ನಡ ಕೇಳಿಸಿದ್ದೇ ತಡ, ಅವರ ಚಕ್ಕುಲಿ ಡಬ್ಬಿ ನಮ್ಮ ಸೀಟಿಗೆ ಬಂತು.

ಕೂಚಿಯಲ್ಲಿ ನೋಡಲು ಬಿಡುವ ಜಾಗ ಎರಡು: ಬೆನ್ ದಿನ್ ಮತ್ತು ಬೆನ್ ಡುವೊಕ್. ಅರ್ಧ ದಿನದ ಟೂರುಗಳು ಹೆಚ್ಚಾಗಿ ಹತ್ತಿರದ ಬೆನ್ ದಿನ್‌ಗೆ ಹೋಗುತ್ತವೆ. ಒಳಗೆ ಕಾಲಿಟ್ಟರೆ ಕಾಡು, ನೆರಳು, ತರಗೆಲೆ. ಆದರೆ ಮರಗಳೆಲ್ಲ ತೆಳ್ಳಗಿವೆ. ಹಳೆಯ ಮರ ಒಂದೂ ಕಾಣದಲ್ಲ ಅಂತ ಮಾವ ಕೇಳಿದರು. ಯುದ್ಧದಲ್ಲಿ ಇಲ್ಲಿ ಮರಗಳೇ ಉಳಿಯಲಿಲ್ಲ ಅಂತ ಗೈಡ್ ಹೇಳಿದರು. ಬಾಂಬು, ಎಲೆ ಉದುರಿಸುವ ವಿಷ, ಬುಲ್ಡೋಜರ್, ಮೂರೂ ಸೇರಿ ನೆಲ ಬೋಳು ಮಾಡಿದ್ದವಂತೆ. ಈಗ ಕಾಣುವುದು ಆಮೇಲೆ ಬೆಳೆದದ್ದು. ಅಲ್ಲಲ್ಲಿ ಬಿ-52 ವಿಮಾನಗಳು ಹಾಕಿದ ಬಾಂಬಿನ ಗುಂಡಿಗಳು ಹಾಗೇ ಇವೆ, ಒಂದೊಂದರಲ್ಲಿ ಒಂದು ಕಾರು ನಿಲ್ಲಿಸಬಹುದು.

ಮೊದಲು ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ ತೋರಿಸುತ್ತಾರೆ. ಅಮೆರಿಕನ್ನರನ್ನು ಕೊಂದ ಹಳ್ಳಿ ಹುಡುಗಿಯರಿಗೆ ಪದಕ ಕೊಡುವ ದೃಶ್ಯಗಳು, ಹಿಂದೆ ಉತ್ಸಾಹದ ಸಂಗೀತ. ಗೆದ್ದವರು ಹೇಳುವ ಕಥೆ, ಹಾಗೇ ಇರುತ್ತದೆ. ನಾನು ಅರ್ಧದಲ್ಲೇ ಗೋಡೆಯ ನಕ್ಷೆ ನೋಡಲು ಎದ್ದೆ. ಸುರಂಗ ಶುರುವಾಗಿದ್ದು ಅಮೆರಿಕನ್ನರಿಗೆ ಅಲ್ಲ, 1940ರ ದಶಕದಲ್ಲಿ, ಆಗ ಆಳುತ್ತಿದ್ದ ಫ್ರೆಂಚರ ವಿರುದ್ಧ. ಮೊದಲು ಮನೆಗಳ ಕೆಳಗೆ ಅಡಗುವ ಗುಂಡಿಗಳು, ಆಮೇಲೆ ಮನೆಯಿಂದ ಮನೆಗೆ ದಾರಿ, ಆಮೇಲೆ ಹಳ್ಳಿಯಿಂದ ಹಳ್ಳಿಗೆ. 1960ರ ದಶಕದಲ್ಲಿ ಅದು ಮೂರು ಅಂತಸ್ತಾಯಿತು. ಮೇಲಿನದು ನೆಲದಿಂದ ಮೂರ್ನಾಲ್ಕು ಮೀಟರ್ ಆಳ, ಕೆಳಗಿನದು ಎಂಟು ಹತ್ತು ಮೀಟರ್. ಒಳಗೆ ಮಲಗುವ ಜಾಗ, ಆಸ್ಪತ್ರೆ, ಬಾವಿ, ಅಡುಗೆಮನೆ, ಸಭೆ ಸೇರುವ ಕೋಣೆ.

ಮಾವ ನಕ್ಷೆ ನೋಡಲಿಲ್ಲ. ಹೊರಗೆ ಕಂದಕದ ಅಂಚಿನಿಂದ ಒಂದು ಚೂರು ಮಣ್ಣು ಕಿತ್ತು, ಬೆರಳಲ್ಲಿ ತಿಕ್ಕಿ, ಉಗುರಿನಿಂದ ಗೀರಿ ನೋಡುತ್ತಿದ್ದರು. "ಕೇಳು ಮಾರಾಯ್ತಿ, ಇವರು ಯಾವ ಕಾಲದಲ್ಲಿ ಅಗೆಯುತ್ತಿದ್ದದ್ದು?" ನಾನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಮಳೆಗಾಲದಲ್ಲಿ ಅಂದರು ಗೈಡ್. ಆಗ ಜಿಗುಟು ಮಣ್ಣು ಮೆತ್ತಗಿರುತ್ತದೆ, ಬೇಸಿಗೆಯಲ್ಲಿ ಒಣಗಿದರೆ ಸಿಮೆಂಟಿನಷ್ಟು ಗಟ್ಟಿ. ಆ ಗಟ್ಟಿತನದಿಂದಲೇ ಕಂಬ, ಆನಿಕೆ ಏನೂ ಇಲ್ಲದೆ ಸುರಂಗ ನಿಂತಿರುವುದು. ಮಾವನಿಗೆ ಇದು ಒಪ್ಪಿಗೆಯಾಗಲಿಲ್ಲ. "ನಮ್ಮಲ್ಲಿ ಬೇಸಗೆಯಲ್ಲೇ ಅಗೆಯುವುದು. ಮಳೆಗಾಲದಲ್ಲಿ ಗುಡ್ಡದ ಒಳಗೆ ಹೋಗುವವನಿಗೆ ತಲೆ ಸಮ ಇಲ್ಲ." ಗೈಡ್ ನಕ್ಕು, ತಮ್ಮ ಅಜ್ಜ ಅಜ್ಜಿಗೆ ಬೇಸಿಗೆವರೆಗೆ ಕಾಯುವ ಪುರುಸೊತ್ತು ಇರಲಿಲ್ಲ ಅಂದರು. ಆಮೇಲೆ ಅವರಿಬ್ಬರೂ ಜೊತೆಯಾಗಿಬಿಟ್ಟರು, ನಾನು ಬರೀ ದುಭಾಷಿ.

ಅಗೆಯುವ ಕ್ರಮ ಹೀಗಿತ್ತಂತೆ. ಸ್ವಲ್ಪ ಸ್ವಲ್ಪ ದೂರಕ್ಕೆ ಬಾವಿಯ ಹಾಗೆ ಗುಂಡಿ ಇಳಿಸುವುದು. ಎರಡೂ ಗುಂಡಿಯ ತಳದಿಂದ ಒಬ್ಬರ ಕಡೆಗೊಬ್ಬರು ಅಡ್ಡಕ್ಕೆ ಅಗೆಯುತ್ತಾ ಬರುವುದು. ಕೂಡಿದ ಮೇಲೆ ಗುಂಡಿ ಮುಚ್ಚುವುದು. ಸಾಮಾನು ಅಂದರೆ ಗಿಡ್ಡ ಹಿಡಿಯ ಗುದ್ದಲಿ, ಬಿದಿರಿನ ಬುಟ್ಟಿ. ಇಬ್ಬರು ಸರಿಯಾಗಿ ಎದುರಾಗದಿದ್ದರೆ? ಶಬ್ದ ಕೇಳಿಕೊಂಡು ದಿಕ್ಕು ಸರಿಮಾಡಿಕೊಳ್ಳುತ್ತಿದ್ದರು ಅಂದರು. ಮಾವ ತಲೆಯಾಡಿಸಿದರು, ಇದು ಮಾತ್ರ ಅವರಿಗೆ ಸರಿ ಕಂಡಿತು.

ಇನ್ನು ಮಣ್ಣು. ಅದನ್ನು ರಾತ್ರಿಯೇ ಸಾಗಿಸಬೇಕು. ಹಸಿ ಮಣ್ಣಿನ ಗುಡ್ಡೆ ಕಂಡರೆ ಮೇಲೆ ಹಾರುವ ವಿಮಾನಕ್ಕೆ ವಿಳಾಸ ಕೊಟ್ಟಂತೆ ತಾನೇ. ಹಾಗಾಗಿ ಬಾಂಬ್ ಬಿದ್ದ ಗುಂಡಿಗಳಿಗೆ ತುಂಬಿದರು, ತೊರೆಗೆ ಸುರಿದರು, ಉತ್ತ ಹೊಲದಲ್ಲಿ ಹರಡಿದರು. ಬಾಂಬ್ ಹಾಕಿದವರೇ ಮಣ್ಣು ಸುರಿಯಲು ಜಾಗ ಮಾಡಿಕೊಟ್ಟ ಹಾಗಾಯಿತಲ್ಲ ಅಂತ ನನ್ನ ಗಂಡ ಹೇಳಿದ. ನಮ್ಮ ಬೆಂಗಳೂರಿನಲ್ಲಿ ಮೆಟ್ರೋ ಗುಲಾಬಿ ಮಾರ್ಗಕ್ಕೆ ನೆಲದಡಿಯ 13.76 ಕಿಲೋಮೀಟರ್ ಭಾಗದ ಸುರಂಗ ಕೊರೆಯಲು ಒಂಬತ್ತು ಯಂತ್ರ ಬೇಕಾದವು. 2020ರಲ್ಲಿ ಶುರುವಾಗಿದ್ದು 2024ರ ಅಕ್ಟೋಬರಿಗೆ ಮುಗಿಯಿತು. ಊರ್ಜಾ, ಅವನಿ, ರುದ್ರ, ಭದ್ರಾ, ತುಂಗಾ ಅಂತ ಯಂತ್ರಗಳಿಗೆ ಹೆಸರಿಟ್ಟು ಪೇಪರಿನಲ್ಲಿ ಫೋಟೋ ಬರುತ್ತಿತ್ತು. ಹೋಲಿಸುವುದು ಸರಿಯಲ್ಲ, ಗೊತ್ತು. ನಮ್ಮದು ಬಂಡೆ, ರೈಲು ಓಡುವಷ್ಟು ಅಗಲ, ಮೇಲೆ ಊರು. ಆದರೂ ಅಲ್ಲಿ ನಿಂತು ಆ ಗಿಡ್ಡ ಗುದ್ದಲಿ ನೋಡುವಾಗ ಆ ಯಂತ್ರಗಳೇ ಕಣ್ಣಿಗೆ ಬಂದವು.

ಉಸಿರಿಗೆ ಏನು ಮಾಡುತ್ತಿದ್ದರು ಅನ್ನುವುದು ಮಾವನ ಮುಂದಿನ ಪ್ರಶ್ನೆ. ಊರಲ್ಲಿ ಸುರಂಗದೊಳಗೆ ಕ್ಯಾಂಡಲ್ ಹಚ್ಚಿಟ್ಟುಕೊಂಡು ಅಗೆಯುತ್ತಾರೆ, ಅದು ಮಂಕಾದರೆ ಹೊರಗೆ ಬಂದುಬಿಡಬೇಕು. ಗೈಡ್ ನಮ್ಮನ್ನು ಒಂದು ಹುತ್ತದ ಹತ್ತಿರ ಕರೆದುಕೊಂಡು ಹೋದರು. ಹುತ್ತವೇ, ನೋಡಲು ಅನುಮಾನವೇ ಬರುವುದಿಲ್ಲ. ಬಗ್ಗಿ ನೋಡಿದರೆ ಬುಡದಲ್ಲಿ ತೂತು, ಬಿದಿರಿನ ಕೊಳವೆ ಒಳಕ್ಕೆ ಇಳಿದಿದೆ. ಗಾಳಿ ಹೋಗುವುದು ಅಲ್ಲಿಂದ. ನಮ್ಮ ಕಡೆಯಾಗಿದ್ದರೆ ಯಾರಾದರೂ ಅರಿಶಿನ ಕುಂಕುಮ ಇಟ್ಟು ಹಾಲೆರೆದು ಕೈ ಮುಗಿಯುತ್ತಿದ್ದರು, ಒಡೆಯುವ ಮಾತೇ ಇಲ್ಲ. ಅಲ್ಲಿ ಅಮೆರಿಕನ್ನರ ನಾಯಿಗಳು ಮೂಸಿಕೊಂಡು ಬರುತ್ತಿದ್ದವು. ಅದಕ್ಕೆ ಮೊದಲು ಮೆಣಸಿನ ಪುಡಿ ಉದುರಿಸಿದರು. ಆಮೇಲೆ ಇನ್ನೂ ಜಾಣತನ: ಅಮೆರಿಕನ್ ಸೈನಿಕರು ಬಳಸುವ ಸೋಪನ್ನೇ, ಅವರ ಹಳೆಯ ಬಟ್ಟೆಯನ್ನೇ ತೂತಿನ ಹತ್ತಿರ ಇಟ್ಟರು. ನಾಯಿಗೆ ತನ್ನವರದೇ ವಾಸನೆ.

ವಿಷದ ಹೊಗೆ ಬಿಟ್ಟರೆ, ನೀರು ನುಗ್ಗಿಸಿದರೆ? ಸುರಂಗವನ್ನು ಅಲ್ಲಲ್ಲಿ ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲೆತ್ತಿ, ಆ ತಗ್ಗಿನಲ್ಲಿ ನೀರು ನಿಲ್ಲಿಸುತ್ತಿದ್ದರು. ನಮ್ಮ ಮನೆಯ ವಾಶ್‌ಬೇಸಿನ್ ಕೆಳಗಿನ ಬಗ್ಗಿದ ಪೈಪು ಮೋರಿ ವಾಸನೆ ತಡೆಯುತ್ತದಲ್ಲ, ಅದೇ ಉಪಾಯ. ದಾಟಬೇಕಾದವರು ಉಸಿರು ಹಿಡಿದು ಆ ನೀರಲ್ಲಿ ಮುಳುಗಿ ಆಚೆ ಏಳಬೇಕು.

ನನಗೆ ಇಡೀ ಟೂರಿನಲ್ಲಿ ಮರೆಯದ ಜಾಗ ಅಡುಗೆಮನೆ. ನೆಲದಲ್ಲಿ ತೋಡಿದ ಒಂದು ಚಿಕ್ಕ ಕೋಣೆ, ಮಣ್ಣಿನ ಒಲೆ, ಮೇಲೆ ಮಸಿ ಹಿಡಿದ ಪಾತ್ರೆ. ಒಲೆಯ ಹಿಂದಿನಿಂದ ಹೊಗೆಯ ಕಾಲುವೆ ಹೊರಡುತ್ತದೆ. ಅದು ನೆಲದಡಿ ಹರಿದು, ನಡುವೆ ಗೂಡುಗಳಲ್ಲಿ ನಿಂತು ತಣ್ಣಗಾಗಿ, ಎಷ್ಟೋ ದೂರದಲ್ಲಿ ಎಲೆಗಳ ಕೆಳಗಿನಿಂದ ತೆಳ್ಳಗೆ ಹೊರಬರುತ್ತದೆ. ಗೈಡ್ ಒಲೆ ಉರಿಸಿ ತೋರಿಸಿದರು. ನಾವೆಲ್ಲ ಹೊಗೆ ಹುಡುಕುತ್ತಾ ನಿಂತೆವು. ಆಚೆ ನೆಲಕ್ಕೆ ಅಂಟಿಕೊಂಡು ಒಂದಿಷ್ಟು ಬೂದು ಬಣ್ಣ, ಅಷ್ಟೇ. ಬೆಳಗಿನ ಜಾವವೇ ಅಡುಗೆ ಮುಗಿಸುತ್ತಿದ್ದರಂತೆ, ಮಂಜಿನಲ್ಲಿ ಹೊಗೆ ಬೆರೆತು ಹೋಗಲಿ ಅಂತ. ಇದಕ್ಕೆ ಹ್ವಾಂಗ್ ಕಾಮ್ ಒಲೆ ಅಂತ ಹೆಸರು. ಫ್ರೆಂಚರ ಜೊತೆಗಿನ ಯುದ್ಧದ ಕಾಲದಲ್ಲಿ ಇದನ್ನು ಕಂಡುಹಿಡಿದ ಸೈನ್ಯದ ಅಡುಗೆಯವರ ಹೆಸರು ಅದು. ಸೇನಾಪತಿಗಳ ಹೆಸರಲ್ಲಿ ರಸ್ತೆ ಇರುವುದು ಎಲ್ಲ ಊರಲ್ಲೂ ಇದ್ದದ್ದೇ. ಅಡುಗೆಯವರ ಹೆಸರು ಒಲೆಯಲ್ಲಿ ಉಳಿದಿರುವುದು ನನಗೆ ತುಂಬಾ ಹಿಡಿಸಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಒಂದು ಒಲೆ ಮಾಡಿದ್ದರು, ಅಸ್ತ್ರ ಒಲೆ. 1980ರ ದಶಕದಲ್ಲಿ ಹಳ್ಳಿ ಮನೆಗಳಿಗೆ ಬಂತು. ಸೌದೆ ಕಮ್ಮಿ ಸಾಕು, ಹೊಗೆ ಕೊಳವೆಯಲ್ಲಿ ಮನೆಯಿಂದಾಚೆ ಹೋಗುತ್ತದೆ. ಮಾವನ ಮನೆಯಲ್ಲೂ ಒಂದನ್ನು ಕಟ್ಟಿಸಿದ್ದರು. "ನಮ್ಮ ಒಲೆಯ ಹೊಗೆ ಆಚೆ ಮನೆಯವರಿಗೂ ಕಾಣುತ್ತಿತ್ತು, ಹೊಗೆ ಎದ್ದರೆ ಕಾಫಿಗೆ ಬಂದುಬಿಡುತ್ತಿದ್ದರು" ಅಂದರು ಮಾವ. ಅದನ್ನು ಗೈಡ್‌ಗೆ ಅನುವಾದಿಸಿ ಹೇಳುವಷ್ಟರಲ್ಲಿ ಹಿಂದಿನ ಗುಂಪು ಬಂತು, ನಮ್ಮನ್ನು ಮುಂದಕ್ಕೆ ತಳ್ಳಿದರು.

ಅಮೆರಿಕದ ಸೈನಿಕರನ್ನು ಬೀಳಿಸಲು ಮಾಡಿದ ಬಲೆಗಳ ಸಾಲಿನಲ್ಲಿ ನಾನು ಜಾಸ್ತಿ ನಿಲ್ಲಲಿಲ್ಲ. ಬಿದಿರಿನ ಚೂಪು ಮೊಳೆಗಳ ಗುಂಡಿ, ತಿರುಗುವ ಹಲಗೆ, ಬಾಗಿಲಿಗೆ ತೂಗುವ ಮುಳ್ಳಿನ ಚೌಕಟ್ಟು. ಸಿಬ್ಬಂದಿಯೊಬ್ಬರು ಕೋಲಿನಿಂದ ಒಂದೊಂದನ್ನೇ ಚಟ್ ಅಂತ ಬೀಳಿಸಿ ತೋರಿಸುತ್ತಿದ್ದರು, ಜನ ನಗುತ್ತಾ ವಿಡಿಯೋ ಮಾಡುತ್ತಿದ್ದರು. ಅದರೊಳಗೆ ಬಿದ್ದವರು ಇಪ್ಪತ್ತರ ಆಸುಪಾಸಿನ ಹುಡುಗರು. ಅಮೆರಿಕದ 25ನೇ ಇನ್‌ಫಂಟ್ರಿ ಡಿವಿಜನ್ ತನ್ನ ದೊಡ್ಡ ಕ್ಯಾಂಪನ್ನು ಇದೇ ಕೂಚಿಯಲ್ಲಿ ಹಾಕಿತ್ತು, ಕಾಲ ಕೆಳಗೇ ಸುರಂಗ ಇದೆ ಅಂತ ಗೊತ್ತಿಲ್ಲದೆ. ಅಮೆರಿಕದ ಸೇನೆ 1966ರ ಜನವರಿಯಲ್ಲಿ ಒಂದು, 1967ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಾರ್ಯಾಚರಣೆ ನಡೆಸಿದರೂ ಸುರಂಗ ಪೂರ್ತಿ ಸಿಗಲಿಲ್ಲ. ಕೊನೆಗೆ ಸಣ್ಣ ಮೈಕಟ್ಟಿನ ಸೈನಿಕರನ್ನು ಆರಿಸಿ, ಕೈಗೆ ಒಂದು ಪಿಸ್ತೂಲು ಒಂದು ಟಾರ್ಚು ಕೊಟ್ಟು ಒಳಗೆ ಇಳಿಸಿದರು. ಅವರಿಗೆ ಸುರಂಗದ ಇಲಿಗಳು ಅಂತಲೇ ಹೆಸರು. ಆ ಕತ್ತಲಲ್ಲಿ ಎರಡೂ ಕಡೆಯವರು ಎಷ್ಟು ಹೆದರಿರಬೇಕು ಅನ್ನುವುದು ಆ ಕೋಲಿನ ಆಟದಲ್ಲಿ ಎಲ್ಲೂ ಇರಲಿಲ್ಲ.

ಸುರಂಗಕ್ಕೆ ಇಳಿಯುವ ಸರದಿ ಬಂತು. ಪ್ರವಾಸಿಗರಿಗಾಗಿ ಇದನ್ನು ಅಗಲ ಮಾಡಿದ್ದಾರೆ, ಬಲ್ಬು ಹಾಕಿದ್ದಾರೆ, ಇಪ್ಪತ್ತು ಮೀಟರಿಗೆ ಒಮ್ಮೆ ಹೊರಗೆ ಬರುವ ಮೆಟ್ಟಿಲು ಇದೆ. ಆದರೂ ನಿಲ್ಲಲು ಆಗುವುದಿಲ್ಲ, ಕುಕ್ಕರಗಾಲಲ್ಲೇ ನಡೆಯಬೇಕು. ಎರಡೂ ಬದಿಯ ಗೋಡೆ ಭುಜಕ್ಕೆ ತಾಗುತ್ತದೆ. ಅಷ್ಟೊಂದು ಪ್ರವಾಸಿಗರ ಬೆನ್ನು ತಿಕ್ಕಿ ತಿಕ್ಕಿ ಮಣ್ಣು ನುಣ್ಣಗೆ ಹೊಳೆಯುತ್ತಿತ್ತು, ಮೇಲುಗಡೆ ಮಾತ್ರ ಗುದ್ದಲಿಯ ಗೆರೆಗಳು ಹಾಗೇ ಇದ್ದವು. ಮುಂದಿದ್ದವರ ಚಪ್ಪಲಿಯ ತಳ ಬಿಟ್ಟರೆ ನನಗೆ ಇನ್ನೇನೂ ಕಾಣುತ್ತಿರಲಿಲ್ಲ. ಸೆಕೆ, ಬೆವರು, ಯಾರದೋ ಡಿಯೋಡರೆಂಟ್. ಮುಂದಿನವರು ನಿಂತರೆ ನಾವೂ ನಿಲ್ಲಬೇಕು, ಆಗ ಎದೆ ಹೊಡೆದುಕೊಳ್ಳುವುದು ಕಿವಿಗೆ ಕೇಳಿಸುತ್ತದೆ. ಎರಡನೇ ಮೆಟ್ಟಿಲಲ್ಲಿ ನಾನು ಹೊರಗೆ ಬಂದೆ.

ಮಾವ ಮೊದಲನೇ ಮೆಟ್ಟಿಲಲ್ಲೇ ಹತ್ತಿ ಬಂದು ಮಂಡಿಯ ಧೂಳು ಕೊಡವುತ್ತಿದ್ದರು. "ನಮ್ಮ ಸುರಂಗದಲ್ಲಿ ನಾನು ನೆಟ್ಟಗೆ ನಡೆದುಕೊಂಡು ಹೋಗುತ್ತೇನೆ. ಇದರೊಳಗೆ ಮಕ್ಕಳನ್ನು ಹೆತ್ತಿದ್ದಾರಲ್ಲ ಮಾರಾಯ್ತಿ" ಅಂದರು.

ಆಮೇಲೆ ಬೆಂಚಿನಲ್ಲಿ ಕೂರಿಸಿ ಬೇಯಿಸಿದ ಮರಗೆಣಸು, ಕಡಲೆಕಾಯಿ ಎಳ್ಳಿನ ಪುಡಿ, ಬಿಸಿ ಚಹಾ ಕೊಟ್ಟರು. ಸುರಂಗದಲ್ಲಿದ್ದವರ ಊಟ ಇದು. ಅಕ್ಕಿ ಸಿಗದ ದಿನಗಳಲ್ಲಿ ಇದೇ ಗತಿ. ರುಚಿಯಾಗಿತ್ತು. ತೆಂಗಿನೆಣ್ಣೆ, ಗಾಂಧಾರಿ ಮೆಣಸು ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಂತ ಮಾವನ ತೀರ್ಪು. ಆದರೆ ತಿನ್ನುವಾಗೆಲ್ಲ ಪಕ್ಕದಲ್ಲಿ ಢಂ ಢಂ ಅಂತ ಗುಂಡಿನ ಸದ್ದು. ಅಲ್ಲೊಂದು ಶೂಟಿಂಗ್ ರೇಂಜ್ ಇದೆ. ಎಕೆ-47, ಎಂ-16, ಯಾವುದು ಬೇಕೋ ಆರಿಸಿ, ಗುಂಡಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೊಡೆಯಬಹುದು. ರಾಜಾಜಿನಗರದವರು ಹೊಡೆದು ಬಂದು ಭುಜ ಸವರಿಕೊಳ್ಳುತ್ತಿದ್ದರು, ಪಾಪ, ಖುಷಿಯಾಗಿದ್ದರು. ಅವರನ್ನು ಏನೂ ಅನ್ನುವ ಹಾಗಿಲ್ಲ. ಆದರೆ ಆ ಸದ್ದಿಗೆ ಹೆದರಿ ನೆಲದೊಳಗೆ ಬದುಕಿದವರ ಜಾಗದಲ್ಲೇ ಆ ಸದ್ದನ್ನು ಮಾರುವುದು ನನಗೆ ಗಂಟಲಲ್ಲಿ ಇಳಿಯಲಿಲ್ಲ.

ವಾಪಸ್ ಬರುವಾಗ ಗೈಡ್ ಹೇಳಿದರು, ಬೆನ್ ಡುವೊಕ್‌ನಲ್ಲಿ ಒಂದು ಸ್ಮಾರಕ ಮಂದಿರ ಇದೆ, ಅದರ ಗೋಡೆಗಳ ಮೇಲೆ ಸತ್ತವರ ಹೆಸರು ಕೆತ್ತಿದ್ದಾರೆ, 44,000ಕ್ಕೂ ಹೆಚ್ಚು. ಅರ್ಧ ದಿನದ ಟೂರಿನಲ್ಲಿ ಅದು ಇಲ್ಲ, ದೂರ ಆಗುತ್ತದೆ. ಶೂಟಿಂಗಿಗೆ ಸಮಯ ಇತ್ತು, ಅಂಗಡಿಗೆ ಸಮಯ ಇತ್ತು, ಇದಕ್ಕೆ ಇರಲಿಲ್ಲ. ಹಾಗಾಗಿ ಈಗ ಅಪಾರ್ಟ್‌ಮೆಂಟಿನಲ್ಲಿ ಯಾರು ಕೇಳಿದರೂ ಇಡೀ ದಿನ ಇಟ್ಟುಕೊಂಡು ಬೆನ್ ಡುವೊಕ್‌ಗೇ ಹೋಗಿ ಅನ್ನುತ್ತೇನೆ. ಬೆಳಿಗ್ಗೆ ಬೇಗ ಹೊರಡಿ, ಹತ್ತು ಗಂಟೆ ಮೇಲೆ ಜನ ಜಾಸ್ತಿ. ಮಂಡಿ ನೋವಿದ್ದವರು ಸುರಂಗಕ್ಕೆ ಇಳಿಯಲೇಬೇಕಂತಿಲ್ಲ, ಮೇಲೆಯೇ ನೋಡಲು ಬೇಕಾದಷ್ಟಿದೆ. ಮತ್ತೆ ಗೈಡ್‌ಗೆ ಬಸ್ಸಿನಲ್ಲೇ ಹೇಳಿಬಿಡಿ, ಗನ್ ನಮಗೆ ಬೇಡ, ಆ ಹೊತ್ತನ್ನೂ ಅಡುಗೆಮನೆಗೇ ಕೊಡಿ ಅಂತ.