ಫಾಲಿಂಗ್‌ವಾಟರ್: ಟಿಕೆಟ್ ತೆಗೆಯುವ ಮುಂಚೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಲಪಾತದ ಮೇಲೆ ಕಟ್ಟಿದ ಹೆಸರುವಾಸಿ ಮನೆ ಫಾಲಿಂಗ್‌ವಾಟರ್. ಅದರ ಅಗ್ಗದ ಟಿಕೆಟ್ ಆವರಣ ಸುತ್ತುವುದಕ್ಕೆ ಮಾತ್ರ. ಅದನ್ನು ಹಿಡಿದು ಹೋದವರು ಫೋಟೊದಲ್ಲಿ ಕಂಡದ್ದನ್ನೇ ದೂರದಿಂದ ಕಂಡು ವಾಪಸಾಗಬೇಕು. ಮನೆಯೊಳಗೆ ಹೋಗಲು ಗೈಡ್ ಜೊತೆಗಿನ ಟಿಕೆಟ್ಟೇ ಬೇಕು. ಅಕ್ಟೋಬರಿನಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಅವು ಬೇಗ ಮುಗಿಯುತ್ತವೆ, ಜನಜಂಗುಳಿಯೂ ವಿಪರೀತ. ಆ ತಿಂಗಳು ಬಿಡುವುದೇ ಒಳ್ಳೆಯದು. ದಿನದ ಮೊದಲ ತಂಡಕ್ಕೆ ಸೇರಿಕೊಳ್ಳಿ. 6 ವರ್ಷದೊಳಗಿನ ಮಕ್ಕಳನ್ನು ಮಾಮೂಲಿ ಟೂರ್‌ಗೆ ಬಿಡುವುದಿಲ್ಲ. ಮಗು ಜೊತೆಗಿದ್ದರೆ ಗಂಡ ಹೆಂಡತಿ ಬೇರೆ ಬೇರೆ ಹೊತ್ತಿಗೆ ಟಿಕೆಟ್ ತೆಗೆದು, ಒಬ್ಬರು ಹೊರಗೆ ಕಾಯುವುದು ಒಂದು ದಾರಿ.

ಪಿಟ್ಸ್‌ಬರ್ಗಿನ ಅಂಗಡಿ ಮಾಲೀಕ ಎಡ್ಗರ್ ಕೌಫ್‌ಮನ್‌ಗೆ ಬೇಕಿದ್ದದ್ದು ಜಲಪಾತ ಕಾಣುವ ಮನೆ. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ 1935ರ ನಕ್ಷೆಯಲ್ಲಿ ಆ ಮನೆಯನ್ನು ಜಲಪಾತದ ನೆತ್ತಿಯ ಮೇಲೇ ಕೂರಿಸಿದ. ಹಾಗಾಗಿ ಒಳಗೆ ನೀರಿನ ಸದ್ದು ಕೇಳುತ್ತದೆ, ಬೀಳುವ ನೀರು ಕಾಣದು. ಹಜಾರದ ಗಾಜಿನ ಬಾಗಿಲು ಸರಿಸಿದರೆ ಮೆಟ್ಟಿಲು ನೇರ ಹೊಳೆಗೆ ಇಳಿಯುತ್ತದೆ. ನೆಲದ ಕಲ್ಲು ಚಪ್ಪಡಿಗಳಿಗೆಲ್ಲ ಮೇಣ ಹಚ್ಚಿ ಹೊಳಪು ಬರಿಸಿದ್ದಾರೆ, ಒಲೆಯ ಮುಂದಿನ ಬಂಡೆಗೆ ಮಾತ್ರ ಹಚ್ಚಿಲ್ಲ. ತುಂಬಿದ ಹೊಳೆಯಲ್ಲಿ ತಲೆ ಎತ್ತಿದ ಒಣಬಂಡೆಯಂತೆ ಅದು ಕಾಣುತ್ತದೆ. ಮೂಲೆಯ ಕಿಟಕಿಗಳನ್ನಂತೂ ಬಿಡಬೇಡಿ. ನಡುವೆ ಕಂಬವಿಲ್ಲ, ಎರಡೂ ರೆಕ್ಕೆ ತೆರೆದರೆ ಗೋಡೆಯ ಮೂಲೆಯೇ ಮಾಯ. ಸೂರು ಕೆಲವೆಡೆ ತೀರಾ ತಗ್ಗು, ಎತ್ತರದವರು ತಲೆ ನೋಡಿಕೊಳ್ಳಬೇಕು.

ಕಟ್ಟಡದ ಕಸುಬು ಗೊತ್ತಿದ್ದವರು ಹೊಳೆಯ ಮೇಲೆ ಚಾಚಿದ ಟೆರೇಸನ್ನು ಪಕ್ಕದಿಂದ ದಿಟ್ಟಿಸಿ ನೋಡಿ. ಅಂಚು ಮಟ್ಟವಾಗಿಲ್ಲ. ಕಬ್ಬಿಣ ಸಾಲದೆಂದು ಮಾಲೀಕನ ಕಡೆಯ ಎಂಜಿನಿಯರುಗಳು ಎಚ್ಚರಿಸಿದ್ದರು. ರೈಟ್‌ಗೆ ತಿಳಿಸದೆ ಸರಿಸುಮಾರು ದುಪ್ಪಟ್ಟು ಸರಳು ಹಾಕಿದರು, ಆದರೂ ಸಾಲಲಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗಲೇ ಸ್ಲ್ಯಾಬ್ ಬಾಗಿತು. ಮೇಲಿನ ಟೆರೇಸಿಗೆ ತನ್ನ ಭಾರ ತಾನೇ ಹೊರುವ ಶಕ್ತಿ ಇರಲಿಲ್ಲ; ಅದು ಕಿಟಕಿಯ ಉಕ್ಕಿನ ಚೌಕಟ್ಟುಗಳ ಮೂಲಕ ಕೆಳಗಿನದರ ಮೇಲೆ ಕೂತಿತು. 1990ರ ದಶಕದ ಹೊತ್ತಿಗೆ ಅಂಚು ಸುಮಾರು 18 ಸೆಂ.ಮೀ. ಇಳಿದಿತ್ತು. 2002ರಲ್ಲಿ ಹಜಾರದ ಚಪ್ಪಡಿ ಎಬ್ಬಿಸಿ, ತೊಲೆಗಳ ಪಕ್ಕ ಉಕ್ಕಿನ ಕೇಬಲ್ ಹಾಯಿಸಿ ಬಿಗಿದರು. ಉದ್ದೇಶ ಇನ್ನಷ್ಟು ಇಳಿಯದಂತೆ ತಡೆಯುವುದಷ್ಟೇ, ಹಳೆಯ ಬಾಗು ಹಾಗೇ ಉಳಿಯಿತು. ಸೋರುವಿಕೆಯಂತೂ ಹುಟ್ಟಿನಿಂದಲೇ ಬಂದದ್ದು. ರಿಪೇರಿ ಮತ್ತೆ ಮತ್ತೆ ನಡೆಯುತ್ತದೆ, ಸಾರ್ವೆ ಕಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ಹೊರಡಿ.

ಪಿಟ್ಸ್‌ಬರ್ಗಿನಿಂದ ಸುಮಾರು 110 ಕಿ.ಮೀ., ಬಸ್ಸಿಲ್ಲ, ಕಾರೇ ಗತಿ. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿ ಹಿಡಿದು ಡೊನೆಗಾಲ್‌ನಲ್ಲಿ ಇಳಿಯುವುದು ಎಲ್ಲರ ದಾರಿ. ಅಲ್ಲಿ ಟೋಲ್‌ಗೆ ನಗದು ತೆಗೆದುಕೊಳ್ಳುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಬಾಡಿಗೆ ಕಾರಿನವರ ಮೋಸ ಇರುವುದು ಇಲ್ಲೇ: ಒಂದು ದಿನ ಟೋಲ್ ದಾಟಿದರೂ ಬಾಡಿಗೆಯ ಅಷ್ಟೂ ದಿನಕ್ಕೆ ಸೇವಾಶುಲ್ಕ ಜಡಿಯುವವರಿದ್ದಾರೆ. ಬೀಗದ ಕೈ ಪಡೆಯುವಾಗಲೇ ಷರತ್ತು ಓದಿ. ಟೋಲೇ ಬೇಡವೆಂದರೆ 51ನೇ ರಸ್ತೆಯಲ್ಲಿ ಯೂನಿಯನ್‌ಟೌನ್, ಅಲ್ಲಿಂದ 40, ಆಮೇಲೆ 381ರಲ್ಲಿ ಉತ್ತರಕ್ಕೆ. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಟಿಕೆಟ್, ಮ್ಯಾಪ್ ಎರಡನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ.

ಊಟಕ್ಕೆ ಪಿಟ್ಸ್‌ಬರ್ಗಿನ ಪೆನ್ ಹಿಲ್ಸ್‌ನಲ್ಲಿರುವ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನ್. ವಾರಾಂತ್ಯದಲ್ಲಿ ಹೋಗಿ. ಪುಳಿಯೋಗರೆ, ಮೊಸರನ್ನ, ಬೆಲೆ ಕೆಲವೇ ಡಾಲರ್. ಹೊರಗಿನ ಹೋಟೆಲಿನಲ್ಲಿ ಆ ದುಡ್ಡಿಗೆ ಒಂದು ಸ್ಯಾಂಡ್‌ವಿಚ್ಚೂ ಬರದು. ಹಿಂದಿನ ದಿನವೇ ದರ್ಶನ ಮುಗಿಸಿ ಅಲ್ಲೇ ಮೊಸರನ್ನ ತಿನ್ನಿ, ಪುಳಿಯೋಗರೆ ಕಟ್ಟಿಸಿಕೊಳ್ಳಿ. ತಣ್ಣಗಾದಷ್ಟೂ ಹುಳಿ ಅನ್ನಕ್ಕೆ ಇಳಿದು ರುಚಿ ಏರುತ್ತದೆ, ಬೇಗ ಕೆಡದು, ಸ್ಪೂನ್ ಇಲ್ಲದಿದ್ದರೂ ನಡೆಯುತ್ತದೆ. ಫಾಲಿಂಗ್‌ವಾಟರ್‌ಗೆ ಹತ್ತಿರದ ಊರು ಒಹಾಯೊಪೈಲ್‌ನಲ್ಲಿ ಹೊಳೆದಂಡೆಯ ಬೆಂಚು ಹಿಡಿದು ಕೂತರೆ ಮಧ್ಯಾಹ್ನದ ಚಿಂತೆ ಮುಗಿಯಿತು.

ಮಧ್ಯಾಹ್ನಕ್ಕೆ ರೈಟ್‌ನದೇ ಕೆಂಟಕ್ ನಾಬ್ ಇಟ್ಟುಕೊಳ್ಳಿ. ಕಾರಿನಲ್ಲಿ ಹತ್ತಿರವೇ. 1950ರ ದಶಕದ ಮನೆ, ಐಸ್‌ಕ್ರೀಮ್ ವ್ಯಾಪಾರದ ಹೇಗನ್ ದಂಪತಿಗೆ ಕಟ್ಟಿದ್ದು, ನಕ್ಷೆಯೆಲ್ಲ ಷಟ್ಕೋನ. ಗದ್ದಲ ಕಡಿಮೆ, ಗೈಡ್‌ಗೆ ಸಮಾಧಾನವಾಗಿ ಪ್ರಶ್ನೆ ಕೇಳಬಹುದು.

ಫಾಲಿಂಗ್‌ವಾಟರ್‌ನಲ್ಲಿ ಶೌಚಾಲಯ ಇರುವುದು ಪ್ರವಾಸಿ ಕೇಂದ್ರದಲ್ಲಿ, ಮನೆಯಲ್ಲಲ್ಲ. ಹೋಗುವಾಗ ಇಳಿಜಾರು, ಬರುವಾಗ ಏರು. ವಯಸ್ಸಾದವರಿಗೆ ಶೌಚ ಕೇಂದ್ರದಲ್ಲೇ ಮುಗಿಸಿಕೊಂಡು ಬರಲು ಹೇಳಿ.