ಹೇಡ್ರಿಯನ್ ಗೋಡೆ: ಜನಜಂಗುಳಿ ಇಲ್ಲದ ಹತ್ತು ಕಿಲೋಮೀಟರ್

ಇಂಗ್ಲೆಂಡಿಗೆ ಹೋದವರು ಹೇಡ್ರಿಯನ್ ಗೋಡೆ ನೋಡಲು ಸಾಮಾನ್ಯವಾಗಿ ಹೌಸ್‌ಸ್ಟೆಡ್ಸ್ ಕೋಟೆಗೆ ಹೋಗಿ, ಫೋಟೋ ತೆಗೆದು ವಾಪಸಾಗುತ್ತಾರೆ. ನಡೆಯುವ ಮನಸ್ಸಿದ್ದರೆ ಅದರ ಪಶ್ಚಿಮಕ್ಕಿರುವ ವಾಲ್‌ಟೌನ್‌ನಿಂದ ಸ್ಟೀಲ್ ರಿಗ್‌ವರೆಗಿನ ಭಾಗ ಆರಿಸಿಕೊಳ್ಳಿ. ಕ್ರಿ.ಶ. 122ರಲ್ಲಿ ಶುರುವಾದ ಈ ಗೋಡೆ ಒಂದು ಕಾಲಕ್ಕೆ ರೋಮನ್ ಸಾಮ್ರಾಜ್ಯದ ಗಡಿ. ಇದೇ ಸ್ಕಾಟ್ಲೆಂಡಿನ ಗಡಿ ಎಂಬುದು ತಪ್ಪು ಕಲ್ಪನೆ. ಈಗಿನ ಗಡಿ ಇನ್ನೂ ಉತ್ತರಕ್ಕಿದೆ, ಗೋಡೆ ಪೂರ್ತಿ ಇಂಗ್ಲೆಂಡಿನೊಳಗೇ ಇದೆ.

ನ್ಯೂಕಾಸಲ್–ಕಾರ್ಲೈಲ್ ರೈಲಿನಲ್ಲಿ ಹಾಲ್ಟ್‌ವಿಸಲ್‌ನಲ್ಲಿ ಇಳಿಯಿರಿ. ನ್ಯೂಕಾಸಲ್‌ನಿಂದ ಸುಮಾರು ಒಂದು ಗಂಟೆ. ಅಲ್ಲಿಂದ ವಾಲ್‌ಟೌನ್‌ಗೆ ಎಡಿ122 ಬಸ್ಸಿದೆ, ಆದರೆ ಚಳಿಗಾಲದಲ್ಲಿ ಅದನ್ನು ನಂಬಿಕೊಳ್ಳಬೇಡಿ. ವೇಳಾಪಟ್ಟಿ ವರ್ಷವರ್ಷವೂ ಬದಲಾಗುವುದರಿಂದ ಹಿಂದಿನ ದಿನವೇ ನೋಡಿಕೊಳ್ಳಿ. ನಡಿಗೆ ಪಶ್ಚಿಮದಿಂದ ಪೂರ್ವಕ್ಕೇ ಇರಲಿ: ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಮಳೆ ಮುಖಕ್ಕೆ ರಾಚುವ ಬದಲು ಬೆನ್ನಿಗೆ ಬೀಳುತ್ತದೆ. ಕೊಡೆ ಈ ಗಾಳಿಗೆ ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಬೇಕು.

ದೂರ ಹತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅತಿ ಎತ್ತರದ ಜಾಗ ವಿನ್‌ಶೀಲ್ಡ್ಸ್ ಬರೀ 345 ಮೀಟರ್. ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ. ಗೋಡೆ ಸಾಗುವ ಕಪ್ಪು ಬಂಡೆಯ ಏಣಿನಲ್ಲಿ ಅಲ್ಲಲ್ಲಿ ಕಣಿವೆಯಂಥ ಸೀಳುಗಳಿವೆ. ಪ್ರತಿ ಸೀಳಿಗೂ ಇಳಿದು ಮತ್ತೆ ಹತ್ತಬೇಕು, ಬೇಲಿ ದಾಟಲು ಮರದ ಏಣಿಗಳನ್ನೂ ಏರಿಳಿಯಬೇಕು. ನೋಡುತ್ತ ನಡೆದರೆ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಆ ಬಂಡೆ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಸವೆದ ಸ್ಪೋರ್ಟ್ಸ್ ಶೂ ಬೇಡವೇ ಬೇಡ.

ವಾಲ್‌ಟೌನ್ ಬಂಡೆಸಾಲಿನ ಮೇಲೆ 45ಎ ಎಂಬ ಕ್ರಮಸಂಖ್ಯೆಯ ಕಾವಲು ಗೋಪುರದ ಬುಡ ಸಿಗುತ್ತದೆ. ಬಾಗಿ ನೋಡಿ: ಗೋಪುರದ ಕಲ್ಲಿಗೂ ಗೋಡೆಯ ಕಲ್ಲಿಗೂ ಹೆಣಿಗೆಯೇ ಇಲ್ಲ. ಗೋಪುರ ಮೊದಲೇ ಒಂಟಿಯಾಗಿ ನಿಂತಿತ್ತು, ಗೋಡೆ ಆಮೇಲೆ ಬಂದು ಎರಡೂ ಪಕ್ಕಕ್ಕೆ ತಾಗಿತು. ಗೋಡೆ ವಾಲ್‌ಟೌನ್‌ನಲ್ಲೂ ಕಾಫೀಲ್ಡ್ಸ್‌ನಲ್ಲೂ ಥಟ್ಟನೆ ಕಡಿದುಹೋಗಿರುವುದಕ್ಕೆ ಶತ್ರುಗಳು ಕಾರಣರಲ್ಲ. ಕಲ್ಲು ಕ್ವಾರಿಗಳು ಗೋಡೆಯನ್ನು ಗುಡ್ಡದ ಸಮೇತ ನುಂಗಿವೆ.

ಮಧ್ಯದ ಗ್ರೇಟ್ ಚೆಸ್ಟರ್ಸ್ ಕೋಟೆ ಈಗ ದನ ಮೇಯುವ ಹೊಲ. ಟಿಕೆಟ್ಟಿಲ್ಲ, ಕಾವಲಿಲ್ಲ. ದಕ್ಷಿಣ ಬಾಗಿಲ ಬಳಿಯ ರೋಮನ್ ಬಲಿಪೀಠದ ಮೇಲೆ ಬಂದವರು ಚಿಲ್ಲರೆ ಇಟ್ಟುಹೋಗುತ್ತಾರೆ. ಕರು ಇರುವ ಹಸುಗಳಿದ್ದರೆ ನಡುವೆ ನುಗ್ಗದೆ ಸುತ್ತುಹಾಕಿ. ನಾಯಿ ಜೊತೆಗಿದ್ದರಂತೂ ಇನ್ನೂ ದೂರದಿಂದ.

ಕಾಫೀಲ್ಡ್ಸ್‌ನ 42ನೇ ಮೈಲಿಕೋಟೆ (ಗೋಡೆಗೆ ಅಂಟಿದ ಪುಟ್ಟ ಕೋಟೆ) ಕಡಿದಾದ ಇಳಿಜಾರಿನಲ್ಲಿದೆ. ಪಕ್ಕದಲ್ಲೇ ಸಮತಟ್ಟಾದ ಜಾಗವಿದ್ದರೂ ರೋಮನ್ನರು ಇಲ್ಲೇ ಕಟ್ಟಿದರು. ಪ್ರತಿ ರೋಮನ್ ಮೈಲಿಗೆ, ಅಂದರೆ ಸುಮಾರು 1,480 ಮೀಟರಿಗೆ, ಒಂದು ಎಂಬ ನಿಯಮಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಸರಕಾರಿ ಕಾಮಗಾರಿ ಆಗಲೂ ಹಾಗೇ!

ಶೌಚಾಲಯ ಇರುವುದು ವಾಲ್‌ಟೌನ್ ಮತ್ತು ಕಾಫೀಲ್ಡ್ಸ್‌ನ ಕಾರ್ ಪಾರ್ಕಿಂಗ್‌ಗಳಲ್ಲಿ, ಆಮೇಲೆ ಕೊನೆಯಲ್ಲಿ ಒನ್ಸ್ ಬ್ರೂಡ್ ಹಳ್ಳಿಯಲ್ಲಿ. ದಾರಿಯಲ್ಲಿ ಅಂಗಡಿ ಇಲ್ಲ, ಕುಡಿಯುವ ನೀರನ್ನೂ ನೆಚ್ಚಬೇಡಿ. ತಲಾ ಎರಡು ಲೀಟರ್ ನೀರು ಒಯ್ಯಿರಿ; ಊಟಕ್ಕೆ ಚಪಾತಿ ಚಟ್ನಿಪುಡಿ ಸಾಕು. ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಗೋಡೆಯ ಮೇಲೆ ಹತ್ತಬೇಡಿ. ಹೊರಗಿನ ಚೌಕ ಕಲ್ಲುಗಳ ನಡುವೆ ತುಂಬಿರುವುದು ಜಲ್ಲಿ. ತುಳಿದರೆ ಕಲ್ಲು ಸಡಿಲವಾಗುತ್ತದೆ. ಒದ್ದೆ ತಿಂಗಳುಗಳಲ್ಲಿ ಕಾಲ್ತುಳಿತಕ್ಕೆ ಹುಲ್ಲು ಕಿತ್ತು ಅಡಿಯ ಅವಶೇಷಗಳೂ ಹಾಳಾಗುತ್ತವೆ. ಮೇಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ.

ಸೈಕಮೋರ್ ಗ್ಯಾಪ್ ನೋಡಬೇಕೆಂದರೆ ಸ್ಟೀಲ್ ರಿಗ್‌ನಿಂದ ಪೂರ್ವಕ್ಕೆ ಇನ್ನೆರಡು ಕಿಲೋಮೀಟರ್. ಅಲ್ಲಿನ ಸೀಳಿನಲ್ಲಿ ಒಂಟಿಯಾಗಿ ನಿಂತಿದ್ದ ಪ್ರಸಿದ್ಧ ಸೈಕಮೋರ್ ಮರವನ್ನು 2023ರ ಸೆಪ್ಟೆಂಬರಿನಲ್ಲಿ ಕಡಿದುಹಾಕಿದರು, ಈಗಿರುವುದು ಬೊಡ್ಡೆ. ಬೇಡವೆಂದರೆ ಸ್ಟೀಲ್ ರಿಗ್‌ನಿಂದ ದಕ್ಷಿಣಕ್ಕೆ ಇಳಿದು ಒನ್ಸ್ ಬ್ರೂಡ್ ತಲುಪಿ. ಹೆದ್ದಾರಿ ದಾಟುವಾಗ ಎಚ್ಚರ, ನೇರ ರಸ್ತೆಯಾದ್ದರಿಂದ ಕಾರುಗಳು ಬಲು ವೇಗ. ಕೊನೆಯ ಬಸ್ ತಪ್ಪಿದರೆ ವಿಂಡೋಲಾಂಡಾ ಎಂಬ ರೋಮನ್ ಕೋಟೆಯ ಮೂಲಕ ಐದು ಕಿಲೋಮೀಟರ್ ನಡೆದು ಬಾರ್ಡನ್ ಮಿಲ್‌ನಲ್ಲಿ ರೈಲು ಹಿಡಿಯಬಹುದು.