ಕೂಟದ ಕರೆಯೋಲೆ ಸ್ಪ್ಯಾಮ್ ಪೆಟ್ಟಿಗೆಗೆ: ಮೇಲ್ ಸರ್ವರ್ ದುರಸ್ತಿಯ ಟಿಪ್ಪಣಿ

ಶನಿವಾರ

ಬದಿಯಡ್ಕದ ನಮ್ಮ ತಾಳಮದ್ದಳೆ ಸಂಘದ ಮೇಲ್ ಸರ್ವರನ್ನು ಡೆಬಿಯನ್ 12ಕ್ಕೆ (ಲಿನಕ್ಸ್‌ನ ಒಂದು ಆವೃತ್ತಿ) ಏರಿಸಿ, ಐಪಿವಿ6 (ಅಂತರ್ಜಾಲದ ಹೊಸ ಬಗೆಯ ವಿಳಾಸ) ಸೌಲಭ್ಯವಿರುವ ಬಾಡಿಗೆ ಯಂತ್ರಕ್ಕೆ ಸಾಗಿಸಿದ್ದಾಯಿತು. ಹಳೆಯ ಐಪಿವಿ4 ವಿಳಾಸ ಹಾಗೆಯೇ ಉಳಿದಿದೆ. ಬರುವ ಪತ್ರಗಳಿಗೆ ಏನೂ ತೊಂದರೆಯಿಲ್ಲ. ರಗಳೆಯೆಲ್ಲ ಹೋಗುವ ಪತ್ರಗಳದ್ದು: ಮುಂದಿನ ಕೂಟದ ಕರೆಯೋಲೆ ಕೆಲವರ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿದೆ, ಕೆಲವು ಮರಳಿ ಬಂದಿವೆ. ಪುಣ್ಯಕ್ಕೆ ಅರ್ಥಧಾರಿಗಳಿಗೆ ಫೋನಿನಲ್ಲೂ ತಿಳಿಸಿದ್ದೆವು.

“ಕನ್ನಡ ಅಕ್ಷರ ಕಂಡದ್ದಕ್ಕೇ ತಳ್ಳಿರಬೇಕು ಮಾರಾಯರೇ” ಎಂದರು ಸಂಘದ ಹಿರಿಯ ಮಾಸ್ತರರು. ಕಾಸರಗೋಡಿನ ಕನ್ನಡಿಗರಿಗೆ ಈ ಗುಮಾನಿ ಮೊದಲು ಬರುವುದು ಸಹಜವೇ. ಅದೇ ಒಕ್ಕಣೆಯನ್ನು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಕಳುಹಿಸಿ ನೋಡಿದೆ. ಮೂರಕ್ಕೂ ಒಂದೇ ಗತಿ.

ಭಾನುವಾರ

ಸ್ಪ್ಯಾಮ್‌ಗೆ ಬಿದ್ದ ಪತ್ರದ ಪೂರ್ಣ ಹೆಡರ್ (ತಪಾಸಣೆಯ ಫಲಿತಾಂಶಗಳಿರುವ ತಲೆಸಾಲುಗಳು) ತರಿಸಿಕೊಂಡೆ. ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ವಿಳಾಸಗಳ ಪಟ್ಟಿ) ಪಾಸ್, ಡಿಮಾರ್ಕ್ (ಕಳುಹಿಸಿದವರ ಹೆಸರು ತಾಳೆಯಾಗುತ್ತದೆಯೇ ಎಂಬ ತಪಾಸಣೆ) ಪಾಸ್. ಡಿಕೆಐಎಂ, ಅಂದರೆ ಪತ್ರಕ್ಕೆ ಸರ್ವರ್ ಹಾಕುವ ಡಿಜಿಟಲ್ ಸಹಿಯ ಸಾಲು ಮಾತ್ರ ಇಲ್ಲವೇ ಇಲ್ಲ. ಸಹಿ ತಪ್ಪಾಗಿದ್ದರೆ ‘ಫೇಲ್’ ಎಂದಾದರೂ ಇರುತ್ತಿತ್ತು; ಪತ್ರ ಸಹಿಯೇ ಇಲ್ಲದೆ ಹೊರಟಿದೆ.

ಲಾಗ್ ತೆರೆದರೆ ಕಾರಣ ಅಲ್ಲೇ ಇತ್ತು. ಪತ್ರ ರವಾನಿಸುವ ಪೋಸ್ಟ್‌ಫಿಕ್ಸ್‌ಗೆ, ಸಹಿ ಹಾಕುವ ಓಪನ್‌ಡಿಕೆಐಎಂ ತಂತ್ರಾಂಶದ ಸಾಕೆಟ್ (ಎರಡೂ ಮಾತಾಡಿಕೊಳ್ಳುವ ಕಿಂಡಿ) ಸಿಗುತ್ತಿಲ್ಲ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಹೆಚ್ಚಿನ ಪ್ರಕ್ರಿಯೆಗಳು ತಮ್ಮ ಸ್ಪೂಲ್ ಡೈರೆಕ್ಟರಿಯ (ಪತ್ರಗಳ ಸರದಿ ಇರುವ ಕಡತಕೋಶದ) ಆಚೆ ಏನನ್ನೂ ನೋಡಲಾರವು. ಸಾಕೆಟ್ ಅದರೊಳಗೇ ಇರಬೇಕು. ಹೊಸ ಕಾನ್ಫಿಗ್ ಕಡತ ಅದನ್ನು ಹೊರಗಿನ ‘ರನ್’ ಡೈರೆಕ್ಟರಿಗೆ ಒಯ್ದಿದೆ. ಮತ್ತೆ ಒಳಗೆ ತಂದೆ, ಡೈರೆಕ್ಟರಿಯ ಗುಂಪಿಗೆ ಪೋಸ್ಟ್‌ಫಿಕ್ಸ್ ಬಳಕೆದಾರನನ್ನು ಸೇರಿಸಿದೆ; ಸಹಿ ಬಂತು.

ನನ್ನ ಸಿಟ್ಟು ಇನ್ನೊಂದು ಸಾಲಿನ ಮೇಲೆ. ಮಿಲ್ಟರ್ (ಓಪನ್‌ಡಿಕೆಐಎಂನಂಥ ಸಹಾಯಕ ತಂತ್ರಾಂಶ) ಸಿಗದಿದ್ದರೆ ಏನು ಮಾಡಬೇಕೆಂಬುದಕ್ಕೆ ಅಂತರ್ಜಾಲದ ಎಷ್ಟೋ ಮಾರ್ಗದರ್ಶಿಗಳು ‘ಆಕ್ಸೆಪ್ಟ್’ ಎಂದು ಬರೆಯಲು ಹೇಳುತ್ತವೆ. ಸಹಿಯಿಲ್ಲದಿದ್ದರೂ ಪತ್ರ ಸದ್ದಿಲ್ಲದೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಈಗ ‘ಟೆಂಪ್‌ಫೇಲ್’ (ತಾತ್ಕಾಲಿಕ ತಡೆ) ಮಾಡಿದ್ದೇನೆ. ಪತ್ರ ತಡೆದು ನಿಂತರೆ ನನಗೆ ಕೂಡಲೇ ತಿಳಿಯುತ್ತದೆ.

ಸಹಿಯ ಕೀಲಿ ಪರೀಕ್ಷಿಸುವ ಉಪಕರಣ ‘ಕೀ ನಾಟ್ ಸೆಕ್ಯೂರ್’ ಎಂದು ಹೆದರಿಸುತ್ತದೆ. ನಮ್ಮ ಡೊಮೇನ್‌ಗೆ ಡಿಎನ್‌ಎಸ್‌ಸೆಕ್ (ಡೊಮೇನ್ ದಾಖಲೆಗಳಿಗೆ ಹಾಕುವ ಭದ್ರತಾ ಸಹಿ) ಇಲ್ಲ ಎಂಬುದಷ್ಟೇ ಅದರ ಅರ್ಥ. ಕೀಲಿ ಸರಿಯಾಗಿಯೇ ಇದೆ.

ಮಂಗಳವಾರ

ಮರಳಿ ಬಂದವುಗಳ ಕಥೆ ಬೇರೆ. ಲಾಗ್‌ನಲ್ಲಿ ಅವೆಲ್ಲವೂ ಐಪಿವಿ6 ಮೂಲಕ ಹೋದವು. ಎರಡೂ ದಾರಿ ಇದ್ದಾಗ ಪೋಸ್ಟ್‌ಫಿಕ್ಸ್ ಒಂದನ್ನು ಯಾದೃಚ್ಛಿಕವಾಗಿ ಆರಿಸುತ್ತದೆ. ಒಬ್ಬರಿಗೆ ತಲುಪಿ, ಪಕ್ಕದ ಮನೆಯವರದು ಹಿಂದೆ ಬಂದದ್ದು ಅದಕ್ಕೇ. ಹೊಸ ವಿಳಾಸ ನಮ್ಮ ಎಸ್‌ಪಿಎಫ್ ದಾಖಲೆಯಲ್ಲಿಲ್ಲ. ಅದಕ್ಕೆ ಪಿಟಿಆರ್ (ವಿಳಾಸದಿಂದ ಸರ್ವರಿನ ಹೆಸರು ತಿಳಿಸುವ ದಾಖಲೆ) ಕೂಡ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳುಹಿಸುವವರೆಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಜೊತೆಗೆ ಸರಿಯಾದ ಪಿಟಿಆರ್ ಕಡ್ಡಾಯ. ಸಣ್ಣ ಸಂಘವೆಂಬ ರಿಯಾಯಿತಿ ಇಲ್ಲ.

ಸದ್ಯಕ್ಕೆ ಹೊರಹೋಗುವ ಪತ್ರಗಳನ್ನು ಐಪಿವಿ4ಕ್ಕೆ ಮಾತ್ರ ಕಟ್ಟಿಹಾಕಿದ್ದೇನೆ.

ಶುಕ್ರವಾರ

ಕರೆಯೋಲೆ ಮತ್ತೊಮ್ಮೆ ಹೋಯಿತು. ಹೆಚ್ಚಿನವರಿಗೆ ಇನ್‌ಬಾಕ್ಸಿಗೇ ಬಂದಿದೆ. ಇನ್ನೂ ಸ್ಪ್ಯಾಮ್‌ನಲ್ಲಿ ಕಂಡವರಿಗೆ ‘ಸ್ಪ್ಯಾಮ್ ಅಲ್ಲ’ ಒತ್ತಲು ಹೇಳಿದ್ದೇನೆ. ಐಪಿವಿ6ಕ್ಕೆ ಪಿಟಿಆರ್ ಕೋರಿ ಬಾಡಿಗೆ ಕಂಪನಿಗೆ ಬರೆದಾಗಿದೆ. ಅದು ಬಂದ ಮೇಲೆ ಎಸ್‌ಪಿಎಫ್‌ಗೆ ಆ ವಿಳಾಸ ಸೇರಿಸಿ, ಮೊದಲು ಮಾಸ್ತರರಿಗೇ ಒಂದು ಪತ್ರ ಹಾಕಿ ನೋಡಬೇಕು.